ವರ್ಷಕ್ಕೆ ಶೇ 12 ಅಂದರೆ ತಿಂಗಳಿಗೆ ಶೇ 1 ಅಲ್ವಾ? ನನ್ನ ಲೆಕ್ಕದಲ್ಲಿ ಎಂಟು ಲಕ್ಷ ಎಲ್ಲಿ ಹೋಯಿತು?

ಮಲ್ನಾಡ್_ಮಳೆ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ.

ತಿಂಗಳಿಗೆ 10,000 ರೂಪಾಯಿ ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಕಟ್ಟುವ ಕಂತು), 20 ವರ್ಷ, ವರ್ಷಕ್ಕೆ ಶೇ 12 ಬೆಳವಣಿಗೆ. ಇಷ್ಟನ್ನು ಎರಡು ಬೇರೆ ಬೇರೆ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಲ್ಲಿ ಹಾಕಿದೆ. ಒಂದು 99.91 ಲಕ್ಷ ಅಂದಿತು. ಇನ್ನೊಂದು 91.99 ಲಕ್ಷ ಅಂದಿತು. ಸುಮಾರು ಎಂಟು ಲಕ್ಷ ವ್ಯತ್ಯಾಸ! ನಾನೇ ಎಕ್ಸೆಲ್ ತೆಗೆದು, ತಿಂಗಳಿಗೆ ಶೇ 1 ಅಂತ ಹಾಕಿ ಮಾಡಿದೆ. 99.91 ಬಂತು. ಸರಿ, ಎರಡನೆಯದು ತಪ್ಪು ಅಂತ ಸುಮ್ನೆ ಮಲಗಿದೆ.

ಬೆಳಿಗ್ಗೆ ಅಣ್ಣನ ಮಗಳು ಒಂದು ಲೆಕ್ಕ ಹಿಡಿದುಕೊಂಡು ಬಂದಳು. "ಒಂದು ಮೊತ್ತ 500 × (1.12)^ವ ಎಂಬ ಸೂತ್ರದಂತೆ ಬೆಳೆಯುತ್ತದೆ, ವ ಎಂದರೆ ವರ್ಷ. ಇದನ್ನೇ ತಿಂಗಳ ಲೆಕ್ಕದಲ್ಲಿ ಬರೆಯಿರಿ." ನಾನು ಧೈರ್ಯವಾಗಿ 500 × (1.01)^ತಿ ಅಂತ ಬರೆದುಕೊಟ್ಟೆ. ಹಿಂದಿನ ಪುಟದ ಉತ್ತರದಲ್ಲಿ 1.0095 ಅಂತಿದೆ. ಶೇ 1 ಇಲ್ಲ, ಶೇ 0.95. ಎರಡೂ ಕಡೆ ನಾನೇ ಎಡವಿದ್ದೇನಾ?

ಟ್ರಾಫಿಕ್_ಜಾಮ್ · ಸೋಮವಾರ, ರಾತ್ರಿ 9:52

12 ಭಾಗಿಸು 12, ಒಂದು. ಇದಕ್ಕೆಲ್ಲ ಚರ್ಚೆ ಬೇಕಾ? ಪುಸ್ತಕದಲ್ಲಿ ಅಚ್ಚಿನ ತಪ್ಪು ಇರುತ್ತೆ, ಬಿಡಿ.

ಲೆಕ್ಕದ_ಮೇಷ್ಟ್ರು · ಸೋಮವಾರ, ರಾತ್ರಿ 10:15

ಅಚ್ಚಿನ ತಪ್ಪಲ್ಲ. ನೂರು ರೂಪಾಯಿ ಇಟ್ಟುಕೊಂಡು ತಿಂಗಳಿಗೆ ಶೇ 1ರಂತೆ ಬೆಳೆಸಿ ನೋಡೋಣ.

ಮೊದಲ ತಿಂಗಳ ಕೊನೆಗೆ 101. ಎರಡನೇ ತಿಂಗಳು ಶೇ 1 ಸಿಗುವುದು ನೂರರ ಮೇಲೆ ಅಲ್ಲ, 101ರ ಮೇಲೆ. ಹಾಗಾಗಿ 102.01. ಆ ಒಂದು ಪೈಸೆ ಬಡ್ಡಿಯ ಮೇಲಿನ ಬಡ್ಡಿ. ಹೀಗೆ ಹನ್ನೆರಡು ತಿಂಗಳು ನಡೆದರೆ 112 ಬರುವುದಿಲ್ಲ, 112.68 ಬರುತ್ತದೆ. ಅಂದರೆ ತಿಂಗಳಿಗೆ ಶೇ 1 ಅಂದರೆ ವರ್ಷಕ್ಕೆ ಶೇ 12.68.

ನಮಗೆ ಬೇಕಿರುವುದು ವರ್ಷದ ಕೊನೆಗೆ ಸರಿಯಾಗಿ 112. ಹಾಗಾದರೆ ಕೇಳಬೇಕಾದ ಪ್ರಶ್ನೆ ಇಷ್ಟೇ: ಯಾವ ಸಂಖ್ಯೆಯನ್ನು ಹನ್ನೆರಡು ಸಲ ಅದರಿಂದಲೇ ಗುಣಿಸುತ್ತಾ ಹೋದರೆ 1.12 ಆಗುತ್ತದೆ? ಅದು 1.12ರ ಹನ್ನೆರಡನೇ ಮೂಲ. ಎಕ್ಸೆಲ್‌ನಲ್ಲಿ =1.12^(1/12) ಅಂತ ಹೊಡೆಯಿರಿ, 1.009489 ಬರುತ್ತದೆ. ಒಂದನ್ನು ಕಳೆದರೆ ತಿಂಗಳಿಗೆ ಶೇ 0.9489. ಪುಸ್ತಕ ಅದನ್ನೇ 0.95 ಅಂತ ಬರೆದಿದೆ.

ಸೂತ್ರದ ದಾರಿಯಲ್ಲಿ ಹೋದರೆ ಇನ್ನೂ ಸಲೀಸು. ತಿಂಗಳ ಸಂಖ್ಯೆ ತಿ ಆದರೆ ವರ್ಷ ವ = ತಿ/12. ಅದನ್ನು ಹಾಗೇ ಘಾತದ ಜಾಗದಲ್ಲಿ ಇಡಿ: 500 × (1.12)^(ತಿ/12). ಘಾತದ ನಿಯಮದಂತೆ ಇದೇ 500 × (1.12^(1/12))^ತಿ. ಮುಗಿಯಿತು. ಬೆಳವಣಿಗೆ ಬದಲಾಗಿಲ್ಲ, ಅಳೆಯುವ ಕೋಲು ಗಿಡ್ಡ ಆಗಿದೆ ಅಷ್ಟೆ.

ಮೂವತ್ತು ವರ್ಷ ಪಾಠ ಮಾಡಿದವನು ನಾನು. ಮಕ್ಕಳು ಇಲ್ಲಿ ಮೂರು ಥರ ಬೀಳುತ್ತಾರೆ. ನಿಮ್ಮ ಹಾಗೆ ದರವನ್ನು ಭಾಗಿಸುವವರು ವಾಸಿ, ಉತ್ತರ ಹತ್ತಿರದಲ್ಲಾದರೂ ಇರುತ್ತದೆ. ಕೆಲವರು 1.12ನ್ನೇ 12ರಿಂದ ಭಾಗಿಸಿ 0.0933 ಅಂತ ಬರೆಯುತ್ತಾರೆ. ಆಗ 500 ರೂಪಾಯಿ ಒಂದೇ ತಿಂಗಳಲ್ಲಿ 46 ರೂಪಾಯಿ ಚಿಲ್ಲರೆಗೆ ಇಳಿದಿರುತ್ತದೆ! ಇನ್ನು ಕೆಲವರು ತಿ/12 ಬರೆಯುವ ಕಡೆ 12ತಿ ಬರೆಯುತ್ತಾರೆ. ಅದರಲ್ಲಿ ಒಂದೇ ತಿಂಗಳಿಗೆ ಹನ್ನೆರಡು ವರ್ಷದ ಬೆಳವಣಿಗೆ ಆಗಿಬಿಡುತ್ತದೆ. ತಿ ಜಾಗದಲ್ಲಿ 12 ಹಾಕಿದಾಗ ಒಂದು ವರ್ಷದ ಉತ್ತರ, ಅಂದರೆ 560, ಬರುತ್ತದಾ ಅಂತ ನೋಡು ಅಂದರೆ ಸಾಕು, ತಪ್ಪು ಅವರಿಗೇ ಕಾಣುತ್ತದೆ. ಯಾರೂ ನೋಡುವುದಿಲ್ಲ, ಅದು ಬೇರೆ ಮಾತು.

ಮಲ್ನಾಡ್_ಮಳೆ · ಸೋಮವಾರ, ರಾತ್ರಿ 10:31

ಮೇಷ್ಟ್ರೇ, ಈಗ ಹೊಳೆಯಿತು. ಆದರೆ ಪರೀಕ್ಷೆ ಮಾಡೋಣ ಅಂತ 1.0095ನ್ನು ಹನ್ನೆರಡು ಸಲ ಗುಣಿಸಿದರೆ 1.12 ಬರಲಿಲ್ಲ, 1.12015 ಬಂತು.

ಲೆಕ್ಕದ_ಮೇಷ್ಟ್ರು · ಸೋಮವಾರ, ರಾತ್ರಿ 10:36

0.9489ನ್ನು 0.95 ಮಾಡಿದ್ದರ ಫಲ. ತಿಂಗಳ ದರವನ್ನು ದುಂಡಗೆ ಮಾಡಬಾರದು, ಮಾಡಿದರೂ ನಾಲ್ಕೈದು ದಶಾಂಶ ಇಟ್ಟುಕೊಳ್ಳಬೇಕು. 0.9 ಅಂತ ಬರೆದು ನೋಡಿ, ವರ್ಷಕ್ಕೆ ಶೇ 11.35ಕ್ಕೆ ಇಳಿಯುತ್ತದೆ. 20 ವರ್ಷ ಅಂದರೆ 240 ಸಲ ಗುಣಾಕಾರ. ಸಣ್ಣ ತಪ್ಪು 240 ಸಲ ಬೆಳೆಯುತ್ತದೆ.

ಟ್ರಾಫಿಕ್_ಜಾಮ್ · ಸೋಮವಾರ, ರಾತ್ರಿ 10:50

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನನ್ನ ಮನೆ ಸಾಲ ಶೇ 9. ಬ್ಯಾಂಕಿನವರು ಕೊಟ್ಟ ಕಂತಿನ ಪಟ್ಟಿ ಎದುರಿಗೇ ಇದೆ. ಮೊದಲ ತಿಂಗಳ ಬಡ್ಡಿ ಅಸಲಿನ ಮೇಲೆ ಸರಿಯಾಗಿ ಶೇ 0.75. ಅಂದರೆ 9 ಭಾಗಿಸು 12. ಮೂಲಗೀಲ ಏನೂ ಇಲ್ಲ. ಈಗ ಬ್ಯಾಂಕು ತಪ್ಪಾ, ನೀವು ತಪ್ಪಾ?

ಸಿಎ_ಆಗ್ತಿರೋನು · ಸೋಮವಾರ, ರಾತ್ರಿ 11:05

ಇಬ್ಬರೂ ಸರಿ. ಇಲ್ಲೇ ಎಲ್ಲರೂ ಮುಗ್ಗರಿಸೋದು. "ವರ್ಷಕ್ಕೆ ಇಷ್ಟು" ಅನ್ನೋ ಮಾತಿಗೆ ಎರಡು ಅರ್ಥ ಇದೆ.

ಸಾಲದ ಕಾಗದದಲ್ಲಿರುವ ಶೇ 9 ಒಂದು ಹೆಸರಿನ ದರ. "ತಿಂಗಳಿಗೆ 0.75 ಹಾಕುತ್ತೇವೆ, ಅದನ್ನು ಹನ್ನೆರಡರಿಂದ ಗುಣಿಸಿ ವರ್ಷದ ಹೆಸರಲ್ಲಿ ಹೇಳುತ್ತೇವೆ" ಅಂತ ಅದರ ಅರ್ಥ. ಅದು ಹುಟ್ಟಿದ್ದೇ ಗುಣಾಕಾರದಿಂದ. ಹಾಗಾಗಿ ವಾಪಸ್ ಹೋಗೋಕೆ ಭಾಗಾಕಾರವೇ ಸರಿ. ನಿಜವಾದ ವರ್ಷದ ಭಾರ ನೋಡಬೇಕಾದರೆ 1.0075ರ 12ನೇ ಘಾತ ತೆಗೆಯಿರಿ, ಶೇ 9.38.

ಮ್ಯೂಚುವಲ್ ಫಂಡ್‌ನವರು ಹೇಳುವ ಶೇ 12 ಬೇರೆ ಜಾತಿ. ವರ್ಷದ ಶುರುವಿನಲ್ಲಿ ನೂರಿದ್ದದ್ದು ಕೊನೆಗೆ ನೂರ ಹನ್ನೆರಡು ಆಯಿತು ಅಂತ ಅಳೆದು ಹೇಳಿದ ಬೆಳವಣಿಗೆ ಅದು. ನಡುವಿನ ತಿಂಗಳುಗಳ ಚಕ್ರಬಡ್ಡಿ ಎಲ್ಲ ಅದರ ಹೊಟ್ಟೆಯೊಳಗೇ ಇದೆ. ಅದನ್ನು 12ರಿಂದ ಭಾಗಿಸಿ ಮತ್ತೆ ತಿಂಗಳು ತಿಂಗಳು ಚಕ್ರಬಡ್ಡಿ ಹಾಕಿದರೆ ಎರಡು ಸಲ ಎಣಿಸಿದ ಹಾಗೆ.

ಹಾಗಾಗಿ ಮಳೆ ಅಕ್ಕ, ನಿಮ್ಮ ಲೆಕ್ಕಕ್ಕೆ 91.99 ಲಕ್ಷವೇ ಸರಿ. ರೂಪಾಯಿಯಲ್ಲಿ ಹೇಳಬೇಕೆಂದರೆ 91,98,574. ಇನ್ನೊಂದು 99,91,479. ಆ ಕ್ಯಾಲ್ಕುಲೇಟರ್ ಮಾಡಿದ ಕೂಡು, ಗುಣಿಸು ಏನೂ ತಪ್ಪಿಲ್ಲ. ಶೇ 12 ಅಂತ ಬರೆದುಕೊಂಡು ಶೇ 12.68ರ ಉತ್ತರ ಕೊಟ್ಟಿದೆ, ಅಷ್ಟೆ. (ಎರಡೂ ಲೆಕ್ಕ ತಿಂಗಳ ಮೊದಲ ದಿನ ಹಣ ಕಟ್ಟುತ್ತೀರಿ ಅಂದುಕೊಂಡು.)

ಟ್ರಾಫಿಕ್_ಜಾಮ್ · ಸೋಮವಾರ, ರಾತ್ರಿ 11:12

ಓಹೋ. ಆದರೂ ಒಂದು ಮಾತು. 20 ವರ್ಷ ಶೇ 12 ಬರುತ್ತೆ ಅನ್ನೋದೇ ಗಾಳಿಗೋಪುರ. ಗೋಪುರದ ಕಿಟಕಿ ಎಷ್ಟು ಅಡಿ ಅಂತ ಅಳೆದು ಏನು ಮಾಡೋಣ?

ಸಿಎ_ಆಗ್ತಿರೋನು · ಸೋಮವಾರ, ರಾತ್ರಿ 11:16

ಊಹೆ ತಪ್ಪಾದರೆ ಮಾರುಕಟ್ಟೆಯನ್ನು ಬೈಯಬಹುದು. ಭಾಗಾಕಾರ ತಪ್ಪಾದರೆ ಯಾರನ್ನು ಬೈಯ್ತೀರ ಗುರು 😀

ನಿವೃತ್ತ_ಗುಮಾಸ್ತ · ಮಂಗಳವಾರ, ಬೆಳಿಗ್ಗೆ 6:20

ಬೆಳಿಗ್ಗೆ ಕಾಫಿ ಕುಡಿಯುತ್ತಾ ಎಲ್ಲವನ್ನೂ ಓದಿದೆ. ನನ್ನ ನಾಲ್ಕು ವರ್ಷದ ಒಂದು ಅನುಮಾನ ಇಲ್ಲಿ ಬಗೆಹರಿಯಬಹುದು ಅನ್ನಿಸುತ್ತಿದೆ.

ನಿವೃತ್ತಿಯಾದಾಗ ಬಂದ ಹಣದಲ್ಲಿ 10 ಲಕ್ಷ ಒಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟೆ. ಶೇ 7, ಬಡ್ಡಿ ತಿಂಗಳು ತಿಂಗಳು ಕೈಗೆ. ನನ್ನ ಲೆಕ್ಕದಲ್ಲಿ 70,000 ಭಾಗಿಸು 12, ತಿಂಗಳಿಗೆ 5,833 ಬರಬೇಕು. ಬರುತ್ತಿರುವುದು 5,800. ತೆರಿಗೆ ಹಿಡಿದದ್ದೂ ಅಲ್ಲ, ಅದಕ್ಕೆ ಫಾರಂ ಕೊಟ್ಟಿದ್ದೇನೆ. ಕೌಂಟರಿನಲ್ಲಿ ಕೇಳಿದರೆ "ಸಿಸ್ಟಂ ಹಾಗೇ ಹಾಕುತ್ತೆ ಸರ್" ಅಂದರು. ಮೂವತ್ತಮೂರು ರೂಪಾಯಿಗೆ ಜಗಳ ಮಾಡುವುದು ಚೆನ್ನಾಗಿರಲ್ಲ ಅಂತ ಸುಮ್ಮನಾದೆ.

ಸಿಎ_ಆಗ್ತಿರೋನು · ಮಂಗಳವಾರ, ಬೆಳಿಗ್ಗೆ 7:45

ಸರ್, ನಿಮ್ಮ ಪ್ರಶ್ನೆ ಈ ಚರ್ಚೆಗೆ ಹೇಳಿ ಮಾಡಿಸಿದ ಹಾಗಿದೆ.

ನಮ್ಮ ಬ್ಯಾಂಕುಗಳು ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಕಟ್ಟುತ್ತವೆ. ಶೇ 7 ಅಂದರೆ ಮೂರು ತಿಂಗಳಿಗೆ ಶೇ 1.75. ಇದು ಹೆಸರಿನ ದರ, ಹಾಗಾಗಿ ನಾಲ್ಕರಿಂದ ಭಾಗಿಸಿದ್ದು ಸರಿ. ನಿಮ್ಮ 10 ಲಕ್ಷಕ್ಕೆ ಮೂರು ತಿಂಗಳ ಕೊನೆಗೆ 17,500.

ನೀವು ಕೇಳಿದ್ದು ತಿಂಗಳು ತಿಂಗಳು. ಮೊದಲ ಕಂತನ್ನು ಅವರು ಎರಡು ತಿಂಗಳು ಮುಂಚೆ ಕೊಡುತ್ತಿದ್ದಾರೆ, ಎರಡನೆಯದನ್ನು ಒಂದು ತಿಂಗಳು ಮುಂಚೆ. ಮುಂಚೆ ಕೊಡುವ ಹಣಕ್ಕೆ ಸ್ವಲ್ಪ ಕಡಿತ. ಇಲ್ಲಿ ಭಾಗಾಕಾರ ನಿಂತು ಮೂಲ ಶುರುವಾಗುತ್ತದೆ: 1.0175ರ ಘನಮೂಲ, 1.0058. ತಿಂಗಳಿಗೆ ಶೇ 0.58, ನಿಮ್ಮ 5,800. ಆ 5,800ನ್ನು ಖರ್ಚು ಮಾಡದೆ ಅದೇ ದರದಲ್ಲಿ ಬೆಳೆಸಿದ್ದರೆ ಮೂರು ತಿಂಗಳ ಕೊನೆಗೆ ಸರಿಯಾಗಿ 17,500 ಆಗಿರುತ್ತಿತ್ತು. ಮೋಸ ಏನೂ ಇಲ್ಲ ಸರ್. ಆದರೆ ಕೌಂಟರಿನಲ್ಲಿ ಎರಡು ಮಾತು ಬಿಡಿಸಿ ಹೇಳಬಹುದಿತ್ತು.

ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಹೀಗಿಲ್ಲ. ಅಲ್ಲಿ ಶೇ 7.4 ದರಕ್ಕೆ 9 ಲಕ್ಷ ಇಟ್ಟರೆ ತಿಂಗಳಿಗೆ 5,550. ಇದು ನೇರ ಭಾಗಾಕಾರ, ಕಡಿತ ಇಲ್ಲ. ಪಿಪಿಎಫ್, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ, ಮೂರನೇ ಥರ. ಬಡ್ಡಿಯನ್ನು ತಿಂಗಳ ಲೆಕ್ಕದಲ್ಲೇ ಎಣಿಸುತ್ತಾರೆ, 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಕಡಿಮೆ ಮೊತ್ತದ ಮೇಲೆ, ದರವನ್ನು 12ರಿಂದ ಭಾಗಿಸಿ. ಆದರೆ ಖಾತೆಗೆ ಸೇರಿಸುವುದು ವರ್ಷಕ್ಕೊಮ್ಮೆ, ಮಾರ್ಚ್ ಕೊನೆಗೆ. ವರ್ಷದೊಳಗೆ ಬಡ್ಡಿಗೆ ಬಡ್ಡಿ ಹುಟ್ಟುವುದೇ ಇಲ್ಲ. ಹಾಗಾಗಿ ಅಲ್ಲಿ ಭಾಗಾಕಾರವೇ ಧರ್ಮ.

ನಿವೃತ್ತ_ಗುಮಾಸ್ತ · ಮಂಗಳವಾರ, ಬೆಳಿಗ್ಗೆ 8:02

ಬಹಳ ಸಂತೋಷ ಮಗು. ನಾಲ್ಕು ವರ್ಷ ಆ ಕೌಂಟರಿನ ಹುಡುಗನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಕುರಿ_ಕಂಬಳಿ · ಮಂಗಳವಾರ, ಮಧ್ಯಾಹ್ನ 1:10

ನಮ್ಮ ಊರ ಕಡೆ ಲೆಕ್ಕ ಉಲ್ಟಾ. ಅಲ್ಲಿ ಯಾರೂ ವರ್ಷದ ಮಾತೇ ಆಡುವುದಿಲ್ಲ. "ಎರಡು ರೂಪಾಯಿ ಬಡ್ಡಿ", "ಮೂರು ರೂಪಾಯಿ ಬಡ್ಡಿ". ಅಂದರೆ ನೂರಕ್ಕೆ ತಿಂಗಳಿಗೆ ಅಷ್ಟು. ಕೇಳುವುದಕ್ಕೆ ಎಷ್ಟು ಸಣ್ಣದು! ಮೂರು ರೂಪಾಯಿಗೆ ಈಗ ಏನು ಬರುತ್ತದೆ?

ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಾ ಹೋದರೆ ಎರಡು ರೂಪಾಯಿಗೆ ವರ್ಷಕ್ಕೆ ಶೇ 24, ಮೂರು ರೂಪಾಯಿಗೆ ಶೇ 36. ಬಡ್ಡಿ ಕಟ್ಟದೆ ನಿಂತು, ಸಾಹುಕಾರ ಅದನ್ನು ತಿಂಗಳು ತಿಂಗಳು ಅಸಲಿಗೆ ಸೇರಿಸಿದರೆ? ಮೇಷ್ಟ್ರ ಸೂತ್ರ ಹಾಕಿ ನೋಡಿದೆ. ಎರಡಕ್ಕೆ ಶೇ 26.82. ಮೂರಕ್ಕೆ ಶೇ 42.58. ಮೂರು ರೂಪಾಯಿ ಬಡ್ಡಿಯಲ್ಲಿ ಎರಡು ವರ್ಷ ತುಂಬುವ ಮೊದಲೇ ಸಾಲ ದುಪ್ಪಟ್ಟು. ನಮ್ಮಪ್ಪ ಒಂದು ಸಲ ಬೋರ್‌ವೆಲ್‌ಗೆ ಮೂರರಲ್ಲಿ ತಂದಿದ್ದ. ನೀರು ಬರಲಿಲ್ಲ, ಬಡ್ಡಿ ಮಾತ್ರ ತಪ್ಪದೆ ಬಂತು.

ಇನ್ನೊಂದು. ಬ್ಯಾಂಕಿನ ಶೇ 12 ಸಾಲ ಅಂದರೆ ನಮ್ಮ ಊರಿನವರು ತಕ್ಷಣ "ಒಂದು ರೂಪಾಯಿ ಬಡ್ಡಿ" ಅಂತ ತಿಳಿಯುತ್ತಾರೆ. ಆ ಸಿಎ ಹುಡುಗ ಹೇಳಿದ ಪ್ರಕಾರ ಕಂತಿನ ಸಾಲಕ್ಕೆ ಅದು ಸರಿಯೇ. ನಮ್ಮವರ ಬಾಯಿಲೆಕ್ಕ ಕೆಟ್ಟದ್ದೇನಲ್ಲ.

ಸಿಎ_ಆಗ್ತಿರೋನು · ಮಂಗಳವಾರ, ಮಧ್ಯಾಹ್ನ 1:40

ಕ್ರೆಡಿಟ್ ಕಾರ್ಡ್ ಕೂಡ ಅದೇ ಸಾಹುಕಾರನ ಭಾಷೆ ಮಾತಾಡುತ್ತೆ. "ತಿಂಗಳಿಗೆ ಬರೀ 3.5." ವರ್ಷಕ್ಕೆ ಗುಣಿಸಿದರೆ 42. ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಬಿದ್ದರೆ ಶೇ 51.

ಟ್ರಾಫಿಕ್_ಜಾಮ್ · ಮಂಗಳವಾರ, ಮಧ್ಯಾಹ್ನ 1:55

ಎಕ್ಸೆಲ್ ಇಲ್ಲದೆ ಹನ್ನೆರಡನೇ ಮೂಲ ತೆಗೆಯೋದು ಹೇಗೆ? ಅಂಗಡಿ ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲದ ಗುಂಡಿ ಒಂದೇ ಇರೋದು.

ಸಿಎ_ಆಗ್ತಿರೋನು · ಮಂಗಳವಾರ, ಮಧ್ಯಾಹ್ನ 2:20

ಸಿಎ ಪರೀಕ್ಷೆ ಬರೆಯೋರಿಗೆಲ್ಲ ಗೊತ್ತಿರೋ ಒಂದು ಕೈಚಳಕ ಇದೆ. 12 ಅಂಕೆಯ ಸಾದಾ ಕ್ಯಾಲ್ಕುಲೇಟರ್ ತಗೊಳ್ಳಿ.

1.12 ಒತ್ತಿ. √ ಗುಂಡಿಯನ್ನು 12 ಸಲ ಒತ್ತಿ. 1.0000276... ಬರುತ್ತದೆ. ಅದರಿಂದ 1 ಕಳೆಯಿರಿ. ಉಳಿದದ್ದನ್ನು 12ರಿಂದ ಭಾಗಿಸಿ. 1 ಕೂಡಿ. ಈಗ × ಮತ್ತು = ಗುಂಡಿಗಳನ್ನು ಒಂದರ ಹಿಂದೆ ಒಂದು, 12 ಸಲ ಒತ್ತಿ. ಪ್ರತಿ ಸಲ ಸಂಖ್ಯೆ ವರ್ಗ ಆಗುತ್ತದೆ. ಕೊನೆಗೆ 1.00948... ಬರುತ್ತದೆ.

ಐದನೇ ಮೂಲ ಬೇಕಿದ್ದರೆ ಭಾಗಿಸುವ ಕಡೆ ಮಾತ್ರ 5 ಹಾಕಿ. √ ಮತ್ತು ×= ಎರಡನ್ನೂ 12 ಸಲವೇ ಒತ್ತಬೇಕು. ಎಣಿಕೆ ತಪ್ಪಿದರೆ ಮೊದಲಿನಿಂದ. ಪರೀಕ್ಷಾ ಕೊಠಡಿಯಲ್ಲಿ ಟಕಟಕ ಟಕಟಕ ಅಂತ ಸದ್ದು ಬರೋದು ಇದಕ್ಕೇ. 8 ಅಂಕೆಯ ಕ್ಯಾಲ್ಕುಲೇಟರ್ ಸ್ವಲ್ಪ ಕೈಕೊಡುತ್ತೆ, ಹತ್ತಿರ ಬರುತ್ತೆ ಆದರೆ ಪೂರ್ತಿ ಸರಿ ಬರಲ್ಲ.

ಟ್ರಾಫಿಕ್_ಜಾಮ್ · ಮಂಗಳವಾರ, ಮಧ್ಯಾಹ್ನ 2:41

ಮಾಡಿದೆ, ಬಂತು! ಆಫೀಸಿನಲ್ಲಿ ಪಕ್ಕದವನು ವಿಚಿತ್ರವಾಗಿ ನೋಡಿದ. ಆದರೆ ನಿಲ್ಲಿ. ಇಲ್ಲೂ ನಡುವೆ 12ರಿಂದ ಭಾಗಿಸಿದೆವಲ್ಲ? ಭಾಗಿಸಬಾರದು ಅಂತ ನಿನ್ನೆಯಿಂದ ಪಾಠ ಆಗ್ತಿದೆ!

ಲೆಕ್ಕದ_ಮೇಷ್ಟ್ರು · ಮಂಗಳವಾರ, ಸಂಜೆ 5:30

ಒಳ್ಳೆಯ ಪ್ರಶ್ನೆ. ನಿನ್ನೆ ನಿಮ್ಮ ಮೇಲೆ ಬಂದಿದ್ದ ಸಿಟ್ಟು ಇಳಿಯಿತು.

12 ಸಲ ವರ್ಗಮೂಲ ತೆಗೆದರೆ ಸಂಖ್ಯೆ 1ಕ್ಕೆ ಅಂಟಿಕೊಂಡು ಕೂರುತ್ತದೆ. 1ರ ಪಕ್ಕದಲ್ಲಿ ಬಡ್ಡಿಯ ಬಡ್ಡಿ ಎಷ್ಟು ಸಣ್ಣದೆಂದರೆ, ಭಾಗಾಕಾರಕ್ಕೂ ಮೂಲಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಅಲ್ಲಿ ಭಾಗಿಸಿ, ಬಂದ ದಾರಿಯಲ್ಲೇ ವಾಪಸ್ ಹತ್ತುತ್ತೇವೆ. ದರ ಸಣ್ಣದಿದ್ದಾಗ ಭಾಗಿಸಿದರೂ ನಡೆಯುವುದು ಇದೇ ಕಾರಣಕ್ಕೆ. ವರ್ಷಕ್ಕೆ ಶೇ 1 ಇದ್ದರೆ ಭಾಗಿಸಿದಾಗ 0.0833, ಮೂಲ ತೆಗೆದಾಗ 0.0830. ಯಾರಿಗೂ ನಷ್ಟವಿಲ್ಲ. ಶೇ 12ಕ್ಕೆ 1 ಮತ್ತು 0.949. ಶೇ 100ಕ್ಕೆ, ಅಂದರೆ ವರ್ಷಕ್ಕೆ ದುಪ್ಪಟ್ಟಾಗುವ ವಸ್ತುವಿಗೆ, 8.33 ಮತ್ತು 5.95. ದರ ದೊಡ್ಡದಾದಷ್ಟೂ ಬಿರುಕು ಅಗಲ.

ನಮ್ಮ ಕಾಲದಲ್ಲಿ ಇದಕ್ಕೆ ಲಾಗ್ ಟೇಬಲ್ ಇತ್ತು. 1.12ರ ಲಾಗ್ 0.0492. ಅದನ್ನು 12ರಿಂದ ಭಾಗಿಸು, 0.0041. ಆಂಟಿಲಾಗ್ ನೋಡು, 1.0095. ಲಾಗ್‌ನ ಲೋಕಕ್ಕೆ ಇಳಿದ ಮೇಲೆ ಧಾರಾಳವಾಗಿ ಭಾಗಿಸಬಹುದು. ಏಕೆಂದರೆ ಇಲ್ಲಿ ಗುಣಾಕಾರವಾಗಿದ್ದದ್ದು ಅಲ್ಲಿ ಕೂಡುವುದಾಗಿರುತ್ತದೆ.

ಡೆಟ್ರಾಯಿಟ್_ದೋಸೆ · ಮಂಗಳವಾರ, ರಾತ್ರಿ 8:15

ಇಲ್ಲಿ ಅಮೆರಿಕದಲ್ಲಿ ಕೂತು ಇದನ್ನು ಓದುವಾಗ 2020 ನೆನಪಾಯಿತು. ಕೊರೊನಾ ಸಮಯ. ಏಪ್ರಿಲ್-ಜೂನ್ ತ್ರೈಮಾಸಿಕದ ಜಿಡಿಪಿ ಅಂಕಿ ಬಂತು. ಅಮೆರಿಕದ್ದು ಮೊದಲ ಅಂದಾಜಿನಲ್ಲಿ ಶೇ 32.9 ಕುಸಿತ. ಭಾರತದ್ದು ಶೇ 23.9 ಕುಸಿತ. ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾವ ಒಬ್ಬರು "ನೋಡಿದ್ಯಾ, ನಿಮ್ಮ ದೇಶ ನಮಗಿಂತ ಜಾಸ್ತಿ ಮುಳುಗಿದೆ" ಅಂತ ಬರೆದರು.

ಎರಡೂ ಬೇರೆ ಅಳತೆ. ಅಮೆರಿಕದವರು ಮೂರು ತಿಂಗಳ ಬದಲಾವಣೆಯನ್ನು "ಇದೇ ವೇಗದಲ್ಲಿ ಇಡೀ ವರ್ಷ ನಡೆದರೆ ಎಷ್ಟು" ಅಂತ ನಾಲ್ಕನೇ ಘಾತಕ್ಕೆ ಏರಿಸಿ ಹೇಳುತ್ತಾರೆ. ಭಾರತದ್ದು ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸಿದ್ದು. ಅಮೆರಿಕದ 32.9ನ್ನು ಇಳಿಸಬೇಕೆಂದರೆ, ಉಳಿದದ್ದು 0.671, ಅದರ ನಾಲ್ಕನೇ ಮೂಲ 0.905. ಅಂದರೆ ಆ ಮೂರು ತಿಂಗಳಲ್ಲಿ ನಿಜವಾಗಿ ಇಳಿದದ್ದು ಸುಮಾರು ಶೇ 9.5. ನಾಲ್ಕರಿಂದ ಭಾಗಿಸಿದ್ದರೆ 8.2 ಅಂತ ಬರುತ್ತಿತ್ತು, ಅದೂ ತಪ್ಪು.

ಮಾವನಿಗೆ ಇದನ್ನೆಲ್ಲ ಬರೆದು ಕಳಿಸಿದೆ. "ಗುಡ್ ಮಾರ್ನಿಂಗ್" ಅಂತ ಹೂವಿನ ಚಿತ್ರ ಬಂತು.

ಮಲ್ನಾಡ್_ಮಳೆ · ಮಂಗಳವಾರ, ರಾತ್ರಿ 8:40

😂 ಆದರೆ ಒಂದು ವಿಷಯ ಗಮನಿಸಿದಿರಾ? ಬೆಳೆಯುವಾಗ ಮೂಲದ ಉತ್ತರ ಭಾಗಾಕಾರಕ್ಕಿಂತ ಕಡಿಮೆ. ಇಳಿಯುವಾಗ ಜಾಸ್ತಿ. 8.2 ಅಲ್ಲ, 9.5. ಇದು ಯಾಕೆ ತಿರುಗಿತು?

ಲೆಕ್ಕದ_ಮೇಷ್ಟ್ರು · ಮಂಗಳವಾರ, ರಾತ್ರಿ 9:05

ಕಾರು ತಗೊಳ್ಳಿ. 8 ಲಕ್ಷದ ಕಾರಿನ ಬೆಲೆ ವರ್ಷಕ್ಕೆ ಶೇ 15 ಇಳಿಯುತ್ತದೆ ಅನ್ನೋಣ. ವರ್ಷದ ಕೊನೆಗೆ 6.8 ಲಕ್ಷ. ತಿಂಗಳಿಗೆ ಶೇ 1.25 ಅಂತ ಭಾಗಿಸಿ ಇಳಿಸುತ್ತಾ ಬಂದರೆ 6.88 ಲಕ್ಷದಲ್ಲೇ ನಿಲ್ಲುತ್ತದೆ. ಏಕೆಂದರೆ ಪ್ರತಿ ತಿಂಗಳೂ ಶೇ 1.25 ಕಳೆಯುವುದು ಈಗಾಗಲೇ ಇಳಿದ ಬೆಲೆಯ ಮೇಲೆ. ಕಳೆಯುವ ತುಂಡು ಚಿಕ್ಕದಾಗುತ್ತಾ ಹೋಗುತ್ತದೆ. ಹಾಗಾಗಿ 6.8 ಮುಟ್ಟಬೇಕಾದರೆ ಪ್ರತಿ ತಿಂಗಳು ಸ್ವಲ್ಪ ಜಾಸ್ತಿ ಕಳೆಯಬೇಕು: 0.85ರ ಹನ್ನೆರಡನೇ ಮೂಲ 0.98655, ಅಂದರೆ ಶೇ 1.345.

ಬೆಳೆಯುವಾಗ ತುಂಡು ದೊಡ್ಡದಾಗುತ್ತಾ ಹೋಗುತ್ತದೆ, ಅದಕ್ಕೇ ಕಡಿಮೆ ಸಾಕು. ಸೂತ್ರ ಒಂದೇ.

ಸಿಎ_ಆಗ್ತಿರೋನು · ಮಂಗಳವಾರ, ರಾತ್ರಿ 9:20

ವ್ಯಾಪಾರಕ್ಕೆ ಇಟ್ಟ ಕಾರಿನ ಸವಕಳಿಗೆ ತೆರಿಗೆ ಇಲಾಖೆಯೂ ಶೇ 15 ಅನ್ನುತ್ತೆ. ಆದರೆ ಅವರಿಗೆ ತಿಂಗಳ ಗೊಡವೆಯೇ ಇಲ್ಲ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ, ಇಲ್ಲದಿದ್ದರೆ ಪೂರ್ತಿ. ಇಷ್ಟು ಸುಲಭದ ಲೆಕ್ಕ ಆ ಇಲಾಖೆಯಲ್ಲಿ ಇನ್ನೆಲ್ಲೂ ಸಿಗಲ್ಲ.

ನಿವೃತ್ತ_ಗುಮಾಸ್ತ · ಬುಧವಾರ, ಬೆಳಿಗ್ಗೆ 6:45

ನಾನು ಜನಗಣತಿ ಕೆಲಸಕ್ಕೆ ಹೋಗಿದ್ದವನು. ಆ ಅಂಕಿಗಳ ಮೇಲೆ ಇದನ್ನು ಹಾಕಿ ನೋಡೋಣ ಅನ್ನಿಸಿತು. ರಾತ್ರಿ ನಿದ್ದೆ ಬರಲಿಲ್ಲ, ಕೂತು ಮಾಡಿದೆ. ಮೇಷ್ಟ್ರು ತಿದ್ದಬೇಕು.

ಬೆಂಗಳೂರು ನಗರ ಜಿಲ್ಲೆ. 2001ರಲ್ಲಿ 65,37,124 ಜನ. 2011ರಲ್ಲಿ 96,21,551. ಹತ್ತು ವರ್ಷದಲ್ಲಿ ಶೇ 47.18 ಹೆಚ್ಚಳ. ಪತ್ರಿಕೆಗಳಲ್ಲಿ ಆಗ "ವರ್ಷಕ್ಕೆ ಸುಮಾರು ಶೇ 4.7" ಅಂತ ಓದಿದ ನೆನಪು. ಈಗ 1.4718ರ ಹತ್ತನೇ ಮೂಲ ತೆಗೆದರೆ ವರ್ಷಕ್ಕೆ ಶೇ 3.94. ನೂರಿಪ್ಪತ್ತನೇ ಮೂಲ ತೆಗೆದರೆ ತಿಂಗಳಿಗೆ ಶೇ 0.3226.

ಇನ್ನೂ ಒಂದು ಕಂಡಿತು. ಒಟ್ಟು ಹೆಚ್ಚಳ 30,84,427ನ್ನು 120 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸರಾಸರಿ 25,700 ಜನ. ಘಾತದ ಲೆಕ್ಕದಲ್ಲಿ ಮೊದಲ ತಿಂಗಳು ಸುಮಾರು 21,000, ಕೊನೆಯ ತಿಂಗಳು ಸುಮಾರು 31,000. ಸರಾಸರಿಯಲ್ಲಿ ಕಾಣದ ನೂಕುನುಗ್ಗಲು ಇಲ್ಲಿ ಕಾಣುತ್ತದೆ. ಇಡೀ ಕರ್ನಾಟಕಕ್ಕೆ ಮಾಡಿದರೆ ಹತ್ತು ವರ್ಷಕ್ಕೆ ಶೇ 15.6, ತಿಂಗಳಿಗೆ ಶೇ 0.121 ಮಾತ್ರ.

ಲೆಕ್ಕದ_ಮೇಷ್ಟ್ರು · ಬುಧವಾರ, ಬೆಳಿಗ್ಗೆ 7:30

ತಿದ್ದಲು ಏನೂ ಇಲ್ಲ, ಗುಮಾಸ್ತರೇ. ಒಂದು ಎಚ್ಚರ ಮಾತ್ರ. ನಮ್ಮ ಕೈಯಲ್ಲಿರುವುದು ಎರಡು ತುದಿಗಳು. ನಡುವಿನ 120 ತಿಂಗಳು ಹೀಗೇ ನಡೆದವು ಅಂತ ಲೆಕ್ಕ ಹೇಳುವುದಿಲ್ಲ. ಒಂದೇ ದರದಲ್ಲಿ ನಡೆದಿದ್ದರೆ ಹೀಗಿರುತ್ತಿತ್ತು ಅಂತ ಹೇಳುತ್ತದೆ. 2021ರ ಗಣತಿ ನಡೆಯಲಿಲ್ಲ. ಆ ಜಾಗವನ್ನು ತುಂಬಲು ಕೆಲವರು ಇದೇ ದರವನ್ನು ಮುಂದಕ್ಕೆ ಎಳೆದು 1.42 ಕೋಟಿ ಅನ್ನಬಹುದು. ಗುಣಾಕಾರ ಸರಿ. ಆದರೆ ಅದು ಎಣಿಸಿದ ಜನ ಅಲ್ಲ.

ಕುರಿ_ಕಂಬಳಿ · ಬುಧವಾರ, ಬೆಳಿಗ್ಗೆ 11:25

ಮೇಷ್ಟ್ರು ಹೇಳಿದ್ದು ನನ್ನ ಹಿಂಡಿಗೆ ಸರಿಯಾಗಿ ಹೊಂದುತ್ತದೆ. ಮಾರಿದ್ದು, ಸತ್ತದ್ದು ಎಲ್ಲ ಕಳೆದು, ಒಳ್ಳೆಯ ವರ್ಷದಲ್ಲಿ ನೂರು ಕುರಿ ನೂರ ಮೂವತ್ತು ಆಗುತ್ತವೆ ಅನ್ನಿ. 1.3ರ ಹನ್ನೆರಡನೇ ಮೂಲ 1.0221. ಅಂದರೆ ತಿಂಗಳಿಗೆ ಎರಡು ಕುರಿ ಮತ್ತು ಒಂದು ಕಾಲು! ಕುರಿ ಹಾಗೆ ಬೆಳೆಯುವುದಿಲ್ಲ ಸ್ವಾಮಿ. ಮರಿ ಹಾಕುವ ಕಾಲ ಬಂದಾಗ ಒಂದೇ ತಿಂಗಳಲ್ಲಿ ಹಟ್ಟಿ ತುಂಬಿ ಹೋಗುತ್ತದೆ. ಆಮೇಲೆ ಐದಾರು ತಿಂಗಳು ಒಂದೂ ಇಲ್ಲ. ರೋಗ ಬಂದರೆ ಒಂದು ವಾರದಲ್ಲಿ ಹತ್ತು ಹೋಗುತ್ತವೆ.

ಪಶುವೈದ್ಯರಿಗೆ, ಸಾಲ ಕೊಡುವವರಿಗೆ ಕಾಗದದ ಮೇಲೆ 2.21 ತೋರಿಸಬಹುದು. ಮೇವು ಎಷ್ಟು ತರಬೇಕು ಅನ್ನುವುದಕ್ಕೆ ಆ ಅಂಕಿ ಹಿಡಿದುಕೊಂಡರೆ ಕುರಿ ಉಪವಾಸ.

ಸಿಎ_ಆಗ್ತಿರೋನು · ಬುಧವಾರ, ಮಧ್ಯಾಹ್ನ 12:10

ಎಸ್‌ಐಪಿಗೂ ಇದೇ ಮಾತು, ಅಣ್ಣ. ತಿಂಗಳಿಗೆ 0.9489 ಅಂತ ಯಾವ ಫಂಡೂ ಬೆಳೆಯಲ್ಲ. ಒಂದು ತಿಂಗಳು 6 ಏರುತ್ತೆ, ಮುಂದಿನ ತಿಂಗಳು 4 ಬೀಳುತ್ತೆ. ಜೊತೆಗೆ ಎಸ್‌ಐಪಿಯಲ್ಲಿ ಹಣ ಬೇರೆ ಬೇರೆ ತಿಂಗಳು ಒಳಗೆ ಹೋಗಿರುತ್ತೆ. ಏರಿಳಿತದ ಕ್ರಮ ಬದಲಾದರೆ ಕೊನೆಯ ಮೊತ್ತವೂ ಬದಲಾಗುತ್ತೆ.

ಟ್ರಾಫಿಕ್_ಜಾಮ್ · ಬುಧವಾರ, ಮಧ್ಯಾಹ್ನ 12:30

ನಾನು ಸೋಮವಾರವೇ ಗಾಳಿಗೋಪುರ ಅಂದಿದ್ದೆ. ದಾಖಲಾಗಲಿ.

ಮಲ್ನಾಡ್_ಮಳೆ · ಗುರುವಾರ, ರಾತ್ರಿ 9:10

ಎಲ್ಲರಿಗೂ ಥ್ಯಾಂಕ್ಸ್. ಎಕ್ಸೆಲ್ ಹಾಳೆಯಲ್ಲಿ 0.01 ಇದ್ದ ಕಡೆಯೆಲ್ಲ =1.12^(1/12)-1 ಹಾಕಿದೆ. 91,98,574 ಬಂತು, ರೂಪಾಯಿಗೆ ರೂಪಾಯಿ ಸರಿ. ಮನೆಯವರು "ಎಂಟು ಲಕ್ಷ ಕಳೆದುಬಿಟ್ಯಾ?" ಅಂದರು. ಇರಲೇ ಇಲ್ಲ, ಕಳೆಯುವುದೇನು ಅಂದೆ. 99.91 ಲಕ್ಷ ಬೇಕಾದರೆ ತಿಂಗಳಿಗೆ ಎಷ್ಟು ಕಟ್ಟಬೇಕು ಅಂತಲೂ ನೋಡಿದೆ. 10,000 ಸಾಲದು, ಸುಮಾರು 10,862 ಬೇಕು. ಅದೊಂದು ಈಗ ಮನೆಯಲ್ಲಿ ಚರ್ಚೆ ಆಗುತ್ತಿದೆ.

ಅಣ್ಣನ ಮಗಳಿಗೂ ಕೂರಿಸಿಕೊಂಡು ಹೇಳಿಕೊಟ್ಟೆ. ಅವಳಿಗೆ ನನಗಿಂತ ಬೇಗ ಅರ್ಥ ಆಯಿತು. ತಾನೇ ಮುಂದಕ್ಕೆ ಹೋಗಿ "ವಾರದ ಲೆಕ್ಕ ಬೇಕಾದರೆ 52ನೇ ಮೂಲ, ಅಲ್ವಾ ಅತ್ತೆ?" ಅಂದಳು. ಹೌದು ಅಂದೆ. ಹೌದು ತಾನೇ ಮೇಷ್ಟ್ರೇ?

ಲೆಕ್ಕದ_ಮೇಷ್ಟ್ರು · ಗುರುವಾರ, ರಾತ್ರಿ 9:24

ಹೌದು. ಆದರೆ 52 ವಾರಕ್ಕೆ 364 ದಿನ. ಒಂದು ದಿನ ಎಲ್ಲಿ ಹೋಯಿತು ಅಂತ ಅವಳನ್ನೇ ಕೇಳಿ.

ಟ್ರಾಫಿಕ್_ಜಾಮ್ · ಗುರುವಾರ, ರಾತ್ರಿ 9:26

ಮೇಷ್ಟ್ರೇ, ಮಗು ಮಲಗಲಿ ಬಿಡಿ!